ಕೇಪಿನ ಗಾಳಿಯನ್ನು ಕೊಚ್ಚಿಯಲ್ಲಿ ಕುಳಿತು ನೋಡುವುದು

ಗಾಳಿಪಟ ಹಾರಿಸುವ ಆಟವನ್ನು ನಾವೆಲ್ಲರೂ ಬಲ್ಲೆವು. ಗಾಳಿಪಟವೇ ಮನುಷ್ಯನನ್ನು ಹಾರಿಸುವ ಆಟವೊಂದು ಈಚಿನ ಎರಡು ಮೂರು ದಶಕಗಳಲ್ಲಿ ಬೆಳೆದು ನಿಂತಿದೆ. ಅದಕ್ಕೆ ಕೈಟ್‌ಸರ್ಫಿಂಗ್ ಎಂದು ಹೆಸರು. ಅದರಲ್ಲಿಯೂ ಎತ್ತರಕ್ಕೆ ಜಿಗಿಯುವುದನ್ನೇ ಪಣವಾಗಿಟ್ಟುಕೊಂಡ ಪಂದ್ಯಕ್ಕೆ ‘ಬಿಗ್ ಏರ್’ ಎನ್ನುತ್ತಾರೆ. ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದ ಉತ್ತರಕ್ಕಿರುವ ಬ್ಲೌಬರ್ಗ್ ಕಡಲತೀರದಲ್ಲಿ ನಡೆಯುವ ‘ಕಿಂಗ್ ಆಫ್ ದಿ ಏರ್’ ಈ ಬಗೆಯ ಪಂದ್ಯಗಳಲ್ಲಿ ಹೆಚ್ಚು ಹೆಸರಾದದ್ದು. ಕೊಚ್ಚಿಯಲ್ಲಿರುವ ನಾವು ಕೆಲವು ಮಂದಿ ಕನ್ನಡಿಗರು ಮತ್ತು ತಿರುವನಂತಪುರದಲ್ಲಿರುವ ನಮ್ಮ ಗೆಳೆಯರು ಇದರ ನೇರ ಪ್ರಸಾರವನ್ನು ನೋಡುವ ಅಭ್ಯಾಸ ಮಾಡಿಕೊಂಡಿದ್ದೇವೆ. ಕೇಪ್‌ಟೌನಿಗೂ ನಮಗೂ ಮೂರೂವರೆ ಗಂಟೆಗಳ ಅಂತರ. ಅಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಗಾಳಿ ಬಲವಾಗಿ ಏಳುವಾಗ ಇಲ್ಲಿ ಸಂಜೆ ಆರೂವರೆ. ಕೆಲಸ ಮುಗಿಸಿ ಬಂದವರಿಗೆ ಅನುಕೂಲವಾದ ಸಮಯ. ಆದರೆ ಈ ಪ್ರಬಂಧ ಆಟದ ವರದಿಯಲ್ಲ. ಆ ಕಡಲು ಮತ್ತು ಈ ಕಡಲಿನ ನಡುವೆ ಇರುವ ಹಳೆಯ ವ್ಯವಹಾರವೊಂದು ನೋಡುತ್ತ ನೋಡುತ್ತ ನಮ್ಮ ಗಮನಕ್ಕೆ ಬಂದಿತು. ಅದನ್ನು ಬರೆದಿಡುವುದು ನಮ್ಮ ಉದ್ದೇಶ.

ಮೊದಲು ಆಟದ ಸ್ವರೂಪ. ಆಟಗಾರನ ಕಾಲಡಿಯಲ್ಲಿ ಒಂದು ಹಲಗೆ, ಸೊಂಟದಲ್ಲಿ ಬಿಗಿಪಟ್ಟಿ, ಅದಕ್ಕೆ ಇಪ್ಪತ್ತು ಮೀಟರಿಗೂ ಮಿಕ್ಕಿದ ದಾರಗಳು, ದಾರಗಳ ತುದಿಯಲ್ಲಿ ಗಾಳಿ ತುಂಬಿದ ಅಂಚುಳ್ಳ ಅರ್ಧಚಂದ್ರಾಕಾರದ ದೊಡ್ಡ ಪಟ. ಹಲಗೆಯ ಅಂಚನ್ನು ನೀರಿಗೆ ಒತ್ತಿ ಹಿಡಿದಾಗ ದಾರ ಬಿಲ್ಲಿನ ಹೆದೆಯಂತೆ ಬಿಗಿಯುತ್ತದೆ. ಎದುರಿನಿಂದ ಬರುವ ಅಲೆಯ ಏರನ್ನು ಮೆಟ್ಟುಗಲ್ಲಿನಂತೆ ಬಳಸಿ, ಅದೇ ಕ್ಷಣಕ್ಕೆ ಪಟವನ್ನು ನೆತ್ತಿಯ ಮೇಲಕ್ಕೆ ತಿರುಗಿಸಿದರೆ ಆಟಗಾರ ನೀರು ಬಿಟ್ಟು ಮೇಲೇಳುತ್ತಾನೆ. ಇಪ್ಪತ್ತು ಮೀಟರ್ ಎಂದರೆ ಆರೇಳು ಅಂತಸ್ತಿನ ಕಟ್ಟಡದ ಎತ್ತರ. ಮೂವತ್ತು ಮೀಟರ್ ದಾಟಿದ ಜಿಗಿತಗಳೂ ದಾಖಲಾಗಿವೆ. ಎತ್ತರ ಮಾತ್ರ ಸಾಲದು. ಮೇಲಿರುವಾಗಲೇ ಪಟವನ್ನು ಚಕ್ರದಂತೆ ಒಂದು ಸುತ್ತು, ಎರಡು ಸುತ್ತು, ಈಗೀಗ ಮೂರು ಸುತ್ತು ತಿರುಗಿಸುತ್ತಾರೆ. ಪಟ ಆಟಗಾರನಿಗಿಂತ ಕೆಳಕ್ಕೆ ಇಳಿದು ಅವನನ್ನು ಅಡ್ಡಡ್ಡಲಾಗಿ ಸೆಳೆದೊಯ್ಯುವ ಆ ಗಳಿಗೆಯೇ ಅಪಾಯದ ಗಳಿಗೆ. ಅದು ಮತ್ತೆ ನೆತ್ತಿಗೆ ಬಂದರೆ ಹಗುರವಾಗಿ ಇಳಿಯಬಹುದು. ಬಾರದಿದ್ದರೆ ನೀರು ನೆಲದಷ್ಟೇ ಗಟ್ಟಿ. ನಿರ್ಣಾಯಕರು ಎತ್ತರ, ಸಾಹಸದ ತೀವ್ರತೆ, ಕೌಶಲ, ಇಳಿಯುವಿಕೆಯ ಅಚ್ಚುಕಟ್ಟು ಇವನ್ನೆಲ್ಲ ನೋಡಿ ಅಂಕ ಕೊಡುತ್ತಾರೆ.

ಇದರ ವಂಶಾವಳಿ ಸ್ವಾರಸ್ಯವಾಗಿದೆ. 1820ರ ದಶಕದಲ್ಲಿ ಇಂಗ್ಲೆಂಡಿನ ಜಾರ್ಜ್ ಪೋಕಾಕ್ ಎಂಬ ಶಾಲಾ ಉಪಾಧ್ಯಾಯ ಗಾಳಿಪಟ ಕಟ್ಟಿದ ಗಾಡಿಯನ್ನು ರಸ್ತೆಯಲ್ಲಿ ಓಡಿಸಿದ. 1903ರಲ್ಲಿ ಸ್ಯಾಮ್ಯುಯಲ್ ಕೋಡಿ ಎಂಬಾತ ಗಾಳಿಪಟ ಎಳೆಯುವ ಪುಟ್ಟ ದೋಣಿಯಲ್ಲಿ ಇಂಗ್ಲಿಷ್ ಕಾಲುವೆಯನ್ನು ದಾಟಿದ. ನೀರಿಗೆ ಬಿದ್ದ ಪಟವನ್ನು ಮತ್ತೆ ಎಬ್ಬಿಸುವುದು ಹೇಗೆಂಬುದು ಬಹುಕಾಲ ಬಗೆಹರಿಯದ ತೊಡಕಾಗಿತ್ತು. ಫ್ರಾನ್ಸಿನ ಬ್ರಿಟನಿ ಪ್ರಾಂತದ ಲೆಗೆನ್ಯೂ ಸಹೋದರರು 1984ರಲ್ಲಿ ಗಾಳಿ ತುಂಬುವ ಅಂಚಿನ ಪಟಕ್ಕೆ ಪೇಟೆಂಟ್ ಪಡೆದು ಈ ತೊಡಕನ್ನು ಬಿಡಿಸಿದರು. 1990ರ ದಶಕದ ಕೊನೆಗೆ ಹವಾಯಿಯ ಮಾವಿ ದ್ವೀಪದಲ್ಲಿ ಆಟ ಕುದುರಿತು. 2000ದಲ್ಲಿ ಅಲ್ಲಿಯೇ ‘ಕಿಂಗ್ ಆಫ್ ದಿ ಏರ್’ ಪಂದ್ಯ ಆರಂಭವಾಯಿತು. ಕೆಲವು ವರ್ಷ ನಡೆದು ನಿಂತುಹೋದ ಪಂದ್ಯ 2013ರಲ್ಲಿ ಕೇಪ್‌ಟೌನಿನಲ್ಲಿ ಮರುಹುಟ್ಟು ಪಡೆಯಿತು. ಆ ವರ್ಷ ಗೆದ್ದವನು ಜೆಸ್ಸೀ ರಿಚ್‌ಮನ್.

ಮಾವಿಯನ್ನು ಬಿಟ್ಟು ಕೇಪ್‌ಟೌನಿಗೆ ಬಂದದ್ದೇಕೆ ಎಂಬುದಕ್ಕೆ ಉತ್ತರ ಅಲ್ಲಿನ ಗಾಳಿಯಲ್ಲಿದೆ. ದಕ್ಷಿಣ ಗೋಲಾರ್ಧದ ಬೇಸಿಗೆಯಲ್ಲಿ ಆಗ್ನೇಯ ದಿಕ್ಕಿನಿಂದ ಅಲ್ಲಿ ಬೀಸುವ ಗಾಳಿಗೆ ಊರವರು ‘ಕೇಪ್ ಡಾಕ್ಟರ್’ ಎಂದು ಹೆಸರಿಟ್ಟಿದ್ದಾರೆ. ಊರಿನ ಕೆಟ್ಟ ಗಾಳಿಯನ್ನು ಗುಡಿಸಿ ಆರೋಗ್ಯ ತರುವ ವೈದ್ಯ ಎಂಬ ನಂಬಿಕೆ. ಟೇಬಲ್ ಮೌಂಟನ್ ಎಂಬ ಚಪ್ಪಟೆ ತಲೆಯ ಬೆಟ್ಟದ ಮೇಲೆ ಬಿಳಿಯ ಮೋಡವೊಂದು ಮೇಜಿನ ಹೊದಿಕೆಯಂತೆ ಹಾಸಿ ಅಂಚಿನಿಂದ ಕೆಳಕ್ಕೆ ಇಳಿಬಿದ್ದಿತೆಂದರೆ ಗಾಳಿ ಎದ್ದಿತೆಂದು ಅರ್ಥ. ಪಂದ್ಯಕ್ಕೆ ನಿಗದಿಯಾದ ಒಂದು ದಿನವಿರುವುದಿಲ್ಲ. ಕೆಲವು ವಾರಗಳ ಅವಧಿಯನ್ನು ಗೊತ್ತುಮಾಡಿ, ಗಾಳಿ ಹದಕ್ಕೆ ಬರುವ ದಿನಕ್ಕಾಗಿ ಎಲ್ಲರೂ ಕಾಯುತ್ತಾರೆ. ಜಗತ್ತಿನ ಎಲ್ಲ ಆಟಗಳೂ ಪ್ರಸಾರದವರ ವೇಳಾಪಟ್ಟಿಗೆ ತಲೆಬಾಗಿರುವ ಕಾಲದಲ್ಲಿ ಗಾಳಿಗೆ ತಲೆಬಾಗುವ ಆಟವೊಂದು ಉಳಿದಿರುವುದು ನಮಗೆ ಹಿತವಾಗಿ ಕಂಡಿದೆ.

ಕನ್ನಡದವರಿಗೆ ಗಾಳಿಯ ದಿಕ್ಕು ಕವಿಸಮಯದ ವಿಷಯವೂ ಹೌದು. ತೆಂಕಣ ಗಾಳಿ ತಾಗಿದರೆ ಬನವಾಸಿ ನೆನಪಾಗುತ್ತದೆಂದು ಹತ್ತನೆಯ ಶತಮಾನದ ಪಂಪ ಹೇಳಿದ್ದನ್ನು ಹೊರನಾಡಿನಲ್ಲಿರುವ ನಾವು ಎಷ್ಟು ಸಭೆಗಳಲ್ಲಿ ಕೇಳಿಲ್ಲ! ಕೇರಳದಲ್ಲಿರುವವರಿಗೆ ಮಾತ್ರ ಇದರಲ್ಲೊಂದು ಚಿಕ್ಕ ಇಕ್ಕಟ್ಟಿದೆ. ತೆಂಕಣ ಗಾಳಿ ನಮ್ಮನ್ನು ದಾಟಿಕೊಂಡೇ ಬನವಾಸಿಗೆ ಹೋಗಬೇಕು. ನಮಗೆ ಊರಿನ ಸುದ್ದಿ ತರಬೇಕಾದದ್ದು ಬಡಗಣ ಗಾಳಿ. ಕವಿಗಳ ಮಲಯಮಾರುತ ಹುಟ್ಟುವ ಬೆಟ್ಟಗಳು ತಿರುವನಂತಪುರದ ಗೆಳೆಯರ ಮನೆಯ ಮಾಳಿಗೆಯಿಂದ ಕಾಣುತ್ತವೆ. ಇರಲಿ.

ಕೇಪಿನ ಗಾಳಿಯೂ ನಮ್ಮ ಮುಂಗಾರೂ ಒಂದೇ ಎಂದು ಹೇಳುವ ಉತ್ಸಾಹ ಬೇಡ. ಅವುಗಳ ಕಾಲವೇ ಬೇರೆ. ಆದರೆ ಹಾಯಿಹಡಗುಗಳ ಯುಗದಲ್ಲಿ ಈ ಎರಡು ಗಾಳಿಗಳೂ ಒಂದೇ ಪಂಚಾಂಗದ ಎರಡು ಪುಟಗಳಾಗಿದ್ದವು. 1488ರಲ್ಲಿ ಬಾರ್ತೊಲೊಮೆಯು ಡಿಯಾಸ್ ಆಫ್ರಿಕದ ತುದಿಯನ್ನು ಬಳಸಿ ಬಂದ. 1497ರಲ್ಲಿ ಹೊರಟ ವಾಸ್ಕೊ ಡ ಗಾಮ ಅದೇ ದಾರಿಯಲ್ಲಿ ಮುಂದುವರಿದು, ಮುಂಗಾರಿಗೆ ಮುಂಚಿನ ಗಾಳಿಯನ್ನು ಹಿಡಿದು, 1498ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನ ಬಳಿ ಲಂಗರು ಹಾಕಿದ. ಮೂರನೆಯ ಬಾರಿ ಬಂದಾಗ 1524ರ ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ಸತ್ತ. ಫೋರ್ಟ್ ಕೊಚ್ಚಿಯ ಸಂತ ಫ್ರಾನ್ಸಿಸ್ ಚರ್ಚಿನಲ್ಲಿ ಅವನನ್ನು ಮೊದಲು ಹೂಳಿದ ಜಾಗವನ್ನು ಇಂದಿಗೂ ತೋರಿಸುತ್ತಾರೆ. ಮುಂದೆ ಡಚ್ಚರ ಈಸ್ಟ್ ಇಂಡಿಯಾ ಕಂಪನಿ 1652ರಲ್ಲಿ ಕೇಪ್‌ಟೌನನ್ನು ಸ್ಥಾಪಿಸಿದ್ದು ಊರು ಕಟ್ಟುವ ಆಸೆಯಿಂದಲ್ಲ. ಏಷ್ಯಕ್ಕೆ ಹೋಗಿಬರುವ ಹಡಗುಗಳಿಗೆ ನೀರು, ತರಕಾರಿ, ಮಾಂಸ ಒದಗಿಸುವ ತಂಗುದಾಣವಾಗಿ. ಹನ್ನೊಂದು ವರ್ಷಗಳ ನಂತರ, 1663ರ ಜನವರಿಯಲ್ಲಿ, ಅದೇ ಕಂಪನಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡಿತು. ಅಲ್ಲಿಂದ ನೂರಮೂವತ್ತು ವರ್ಷಗಳಿಗೂ ಮಿಕ್ಕಿ ಕೊಚ್ಚಿ ಮತ್ತು ಕೇಪ್‌ಟೌನ್ ಒಂದೇ ಯಜಮಾನನ ಎರಡು ಅಂಗಡಿಗಳಾಗಿದ್ದವು.

ಈಗ ಪರದೆಯ ಮೇಲೆ ಕಾಣುವ ಆ ಕೊಲ್ಲಿಗೆ ಟೇಬಲ್ ಬೇ ಎಂದು ಹೆಸರು. ಬೇಸಿಗೆಯಲ್ಲಿ ಆಟದ ಮೈದಾನವಾಗುವ ಅದು ಚಳಿಗಾಲದ ವಾಯವ್ಯ ಬಿರುಗಾಳಿಗೆ ಹಡಗುಗಳ ಸ್ಮಶಾನವಾಗುತ್ತಿತ್ತು. 1773ರ ಜೂನ್ 1ರಂದು ‘ದೆ ಯೊಂಗ ಥಾಮಸ್’ ಎಂಬ ಕಂಪನಿಯ ಹಡಗು ದಡದ ಹತ್ತಿರವೇ ಒಡೆಯಿತು. ದಡದಲ್ಲಿ ನಿಂತವರು ನೋಡುತ್ತಿದ್ದರು. ತೇಲಿಬರುವ ಸರಕನ್ನು ಯಾರೂ ಕದಿಯದಂತೆ ಕಾವಲಿಗೆ ಸೈನಿಕರನ್ನು ನಿಲ್ಲಿಸಲಾಗಿತ್ತು. ವೊಲ್ರಾಡ್ ವೊಲ್ಟೆಮಾಡೆ ಎಂಬ ವಯಸ್ಸಾದ ಹೈನುಗಾರ ತನ್ನ ಕುದುರೆಯನ್ನು ತೆರೆಗಳೊಳಗೆ ನುಗ್ಗಿಸಿ, ಪ್ರತಿ ಸಲವೂ ಇಬ್ಬರು ಕುದುರೆಗೆ ಜೋತುಬೀಳುವಂತೆ ಮಾಡಿ, ಏಳು ಸಲ ಹೋಗಿಬಂದು ಹದಿನಾಲ್ಕು ಮಂದಿಯನ್ನು ದಡ ಸೇರಿಸಿದ. ಎಂಟನೆಯ ಸಲ ಹೆಚ್ಚು ಜನ ಹಾರಿ ಹಿಡಿದುಕೊಂಡರು. ಕುದುರೆಯೂ ಸವಾರನೂ ಮುಳುಗಿದರು. ಕಂಪನಿ ಆಮೇಲೆ ಒಂದು ಹಡಗಿಗೆ ಅವನ ಹೆಸರಿಟ್ಟಿತು. ಬಿಗ್ ಏರ್ ನೋಡುವಾಗ ಬಿದ್ದ ಆಟಗಾರನತ್ತ ರಕ್ಷಣೆಯ ಜೆಟ್ ಸ್ಕೀ ಕ್ಷಣಾರ್ಧದಲ್ಲಿ ಧಾವಿಸುವುದನ್ನು ಕಂಡಾಗಲೆಲ್ಲ ನಮಗೆ ಈ ಕುದುರೆಯ ನೆನಪಾಗುತ್ತದೆ.

ನೇರ ಪ್ರಸಾರ ಎಂಬ ಮಾತನ್ನೂ ಸ್ವಲ್ಪ ಪರೀಕ್ಷಿಸಬೇಕು. ಕೊಚ್ಚಿಯ ನಾವು, ತಿರುವನಂತಪುರದ ಅವರು, ಇಬ್ಬರೂ ಫೋನಿನಲ್ಲಿ ಮಾತನಾಡುತ್ತ ಒಂದೇ ಪಂದ್ಯ ನೋಡುತ್ತಿದ್ದಾಗ ಅತ್ತಲಿಂದ ‘ಅಯ್ಯೋ, ಬಿದ್ದ!’ ಎಂಬ ಉದ್ಗಾರ ಬಂದಿತು. ನಮ್ಮ ಪರದೆಯಲ್ಲಿ ಅವನಿನ್ನೂ ಅಲೆಯ ಕಡೆಗೆ ಸಾಗುತ್ತಿದ್ದ. ಅವರ ಸಂಪರ್ಕ ನಮ್ಮದಕ್ಕಿಂತ ಅರ್ಧ ನಿಮಿಷ ಮುಂದಿತ್ತು. ಆಗಲೇ ಬಿದ್ದಿರುವವನು ಇನ್ನೂ ಬೀಳದೆ ನಮ್ಮ ಕಣ್ಣೆದುರು ಸಾಗುತ್ತಿರುವ ಆ ಅರ್ಧ ನಿಮಿಷ ವಿಚಿತ್ರವಾದ ಕಾಲ. ಇತಿಹಾಸ ಓದುವವರು ಸದಾ ಇರುವುದು ಅಂಥ ಕಾಲದಲ್ಲಿಯೇ ಎಂದು ನಮ್ಮಲ್ಲೊಬ್ಬರು ತಮಾಷೆ ಮಾಡಿದರು.

ಅರ್ಧ ನಿಮಿಷದ ಜಾಗದಲ್ಲಿ ಅರ್ಧ ವರ್ಷವನ್ನಿಟ್ಟು ನೋಡಿದರೆ 1795 ಅರ್ಥವಾಗುತ್ತದೆ. ಫ್ರೆಂಚ್ ಸೈನ್ಯ ನೆದರ್ಲೆಂಡ್ಸನ್ನು ಆಕ್ರಮಿಸಿದಾಗ ಅಲ್ಲಿನ ಆರೆಂಜ್ ರಾಜಕುಮಾರ ಇಂಗ್ಲೆಂಡಿಗೆ ಓಡಿಬಂದು, ಆ ವರ್ಷದ ಫೆಬ್ರವರಿಯಲ್ಲಿ ಲಂಡನ್ನಿನ ಬಳಿಯ ಕ್ಯೂ ಅರಮನೆಯಿಂದ ಡಚ್ ವಸಾಹತುಗಳಿಗೆಲ್ಲ ಪತ್ರ ಬರೆದ: ಬ್ರಿಟಿಷರನ್ನು ಮಿತ್ರರೆಂದು ಒಳಗೆ ಬಿಟ್ಟುಕೊಳ್ಳಿರಿ. ಆ ಪತ್ರವನ್ನು ಹೊತ್ತ ಬ್ರಿಟಿಷ್ ನೌಕಾಪಡೆ ಕೇಪ್ ತಲುಪಿದ್ದು ಜೂನ್‌ನಲ್ಲಿ. ಬರೆದವನು ಈಗ ದೊರೆಯೋ ಅಲ್ಲವೋ, ತಾಯ್ನಾಡಿನಲ್ಲಿ ಯಾರ ಆಳ್ವಿಕೆ ನಡೆದಿದೆಯೋ, ಪತ್ರವನ್ನು ಪಾಲಿಸುವುದು ನಿಷ್ಠೆಯೋ ದ್ರೋಹವೋ ಎಂದು ಅಲ್ಲಿನ ಅಧಿಕಾರಿಗಳು ತೂಗಿ ನೋಡುತ್ತಿದ್ದಾಗಲೇ ಯುದ್ಧ ನಡೆಯಿತು. ಸೆಪ್ಟೆಂಬರಿನಲ್ಲಿ ಕೇಪ್ ಶರಣಾಯಿತು. ಇದೇ ಗೊಂದಲ ಕೊಚ್ಚಿಯ ಡಚ್ ಕೋಟೆಯಲ್ಲಿಯೂ ನಡೆದು, ಮುತ್ತಿಗೆಯ ನಂತರ ಅಕ್ಟೋಬರಿನಲ್ಲಿ ಅದೂ ಬ್ರಿಟಿಷರ ವಶವಾಯಿತು. ಎರಡು ಅಂಗಡಿಗಳಿಗೂ ಒಂದೇ ವರ್ಷ ಬೀಗ ಬಿದ್ದಿತು.

ಕೇಪನ್ನು 1803ರಲ್ಲಿ ಡಚ್ಚರಿಗೆ ಮರಳಿಸಿ, ಬ್ರಿಟಿಷರು 1806ರಲ್ಲಿ ಮತ್ತೆ ಗೆದ್ದುಕೊಂಡರು. ಆ ಯುದ್ಧದ ಹೆಸರು ಬ್ಲೌಬರ್ಗ್ ಯುದ್ಧ. ನಡೆದದ್ದು ಜನವರಿ 8ರಂದು, ಇಂದಿನ ಪಂದ್ಯದ ತೀರಕ್ಕೆ ಸಮೀಪದ ಗುಡ್ಡಗಳ ಬುಡದಲ್ಲಿ. ಎರಡು ದಿನ ಮೊದಲು, ಸ್ವಲ್ಪ ಉತ್ತರದ ತೀರದಲ್ಲಿ ಸೈನ್ಯವನ್ನು ಇಳಿಸುವಾಗ ಒಂದು ದೋಣಿ ತೆರೆಗಳಿಗೆ ಸಿಕ್ಕಿ ಮಗುಚಿ ಸ್ಕಾಟ್ಲೆಂಡಿನ ಮೂವತ್ತಕ್ಕೂ ಹೆಚ್ಚು ಸೈನಿಕರು ಮುಳುಗಿದ್ದರು. ಆಟಗಾರರು ‘ಒಳ್ಳೆಯ ಅಲೆ’ ಎಂದು ಕಾಯುವುದು ಅಂಥ ಅಲೆಗಾಗಿಯೇ. ಆ 1806ರಲ್ಲಿಯೇ ಬ್ರಿಟಿಷರು ಕೊಚ್ಚಿಯ ಕೋಟೆಯನ್ನು ಕೆಡವಿದರು. ಫೋರ್ಟ್ ಕೊಚ್ಚಿಗೆ ಬರುವ ನಮ್ಮ ನೆಂಟರು ‘ಕೋಟೆ ಎಲ್ಲಿ?’ ಎಂದು ಕೇಳುತ್ತಾರೆ. ಹೆಸರಿನಲ್ಲಿದೆ ಎಂದು ಹೇಳಿ ಚೀನೀ ಬಲೆಗಳ ಕಡೆಗೆ ಕರೆದೊಯ್ಯುತ್ತೇವೆ.

ಇಷ್ಟೆಲ್ಲ ರಾಜರ ಮತ್ತು ಕಂಪನಿಗಳ ಮಾತಾಯಿತು. ನಮ್ಮನ್ನು ಹೆಚ್ಚು ಕಾಡಿದ ಸಂಗತಿ ಬೇರೆಯದು. ಕೊಚ್ಚಿಯಿಂದ ಕೇಪಿಗೆ ಹೋದದ್ದು ಮೆಣಸು ಮಾತ್ರವಲ್ಲ. ಮನುಷ್ಯರೂ ಹೋದರು, ಸರಕಾಗಿ. 1652ರಿಂದ 1808ರವರೆಗೆ ಕೇಪಿಗೆ ತರಲಾದ ಗುಲಾಮರ ಸಂಖ್ಯೆ ಅರವತ್ತು ಸಾವಿರಕ್ಕೂ ಹೆಚ್ಚು, ಅವರಲ್ಲಿ ಸರಿಸುಮಾರು ಕಾಲುಭಾಗ ಭಾರತ ಉಪಖಂಡದವರು ಎಂಬುದು ಇತಿಹಾಸಕಾರರ ಅಂದಾಜು. ಕೇಪಿನ ದಾಖಲೆಗಳಲ್ಲಿ ಅವರ ಹೆಸರುಗಳು ‘ವಾನ್ ಮಲಬಾರ್’, ‘ವಾನ್ ಕೊಚಿನ್’, ‘ವಾನ್ ಬೆಂಗಾಲೆ’ ಎಂದು ಮುಗಿಯುತ್ತವೆ: ಮಲಬಾರಿನ, ಕೊಚ್ಚಿಯ, ಬಂಗಾಳದ ಇಂಥವನು. ಮೊದಲ ಹೆಸರು ಯಜಮಾನ ಕೊಟ್ಟದ್ದು. ಎಷ್ಟೋ ಮಂದಿಗೆ ತಿಂಗಳುಗಳ ಹೆಸರನ್ನೇ ಇಡುತ್ತಿದ್ದರು. ತಾಯಿ ಕರೆದ ಹೆಸರು ಆ ಪುಸ್ತಕದಲ್ಲಿಲ್ಲ. ಎರಡನೆಯ ಭಾಗವೂ ಹಲವು ಸಲ ಹಡಗೇರಿದ ರೇವನ್ನು ಹೇಳುತ್ತದೆಯೇ ಹೊರತು ಹುಟ್ಟಿದ ಊರನ್ನಲ್ಲ. ಆ ಕಾಲದಲ್ಲಿ ಡಚ್ಚರ ವ್ಯಾಪಾರ ನಮ್ಮ ಬಸರೂರಿನವರೆಗೂ ಚಾಚಿತ್ತು ಎಂಬುದನ್ನು ಬಲ್ಲ ಕನ್ನಡಿಗರು ಈ ‘ಮಲಬಾರ್’ ಎಂಬ ಪದವನ್ನು ಓದುವಾಗ ಸ್ವಲ್ಪ ನಿಲ್ಲುವುದು ಸಹಜ.

ಕೊಚ್ಚಿಯ ಕಡೆಯ ಕಾಗದಗಳೂ ಉಳಿದಿವೆ. ಡಚ್ ಆಡಳಿತದ ಮಲಬಾರ್ ದಾಖಲೆಗಳು ಇಂದು ಚೆನ್ನೈನ ತಮಿಳುನಾಡು ಪತ್ರಾಗಾರದಲ್ಲಿವೆ. ಗುಲಾಮರನ್ನು ಮಾರಿ ಕೊಂಡ ಪತ್ರಗಳಲ್ಲಿ ಮಾರಿದವನ ಹೆಸರು, ಕೊಂಡವನ ಹೆಸರು, ಬೆಲೆ ಇವುಗಳ ಜೊತೆಗೆ ಮಾರಾಟವಾದವರ ಜಾತಿಯನ್ನೂ ಬರೆದಿದೆ. ಪುಲಯರಂಥ, ಮಣ್ಣಿಗೆ ಕಟ್ಟಿಹಾಕಲ್ಪಟ್ಟಿದ್ದ ಸಮುದಾಯಗಳ ಹೆಸರುಗಳು ಅಲ್ಲಿ ಸಿಗುತ್ತವೆ. ಡಚ್ಚರು ಇಲ್ಲಿ ಗುಲಾಮಗಿರಿಯನ್ನು ಹುಟ್ಟುಹಾಕಲಿಲ್ಲ. ಇದ್ದದ್ದನ್ನು ಕಡಲಿಗೆ ಇಳಿಸಿದರು. ಈ ಮಾತನ್ನು ಸ್ಪಷ್ಟವಾಗಿ ಹೇಳದೆ ಫೋರ್ಟ್ ಕೊಚ್ಚಿಯ ಹಳೆಯ ಬೀದಿಗಳ ಚೆಲುವನ್ನು ವರ್ಣಿಸುವ ಬರಹಗಳು ನಮಗೆ ಅರೆಬರೆ ಎನಿಸುತ್ತವೆ.

ಎರಡು ದಡಗಳನ್ನೂ ಆಳವಾಗಿ ಮುಟ್ಟಿದ ಒಬ್ಬ ವ್ಯಕ್ತಿ ಇದ್ದಾನೆ. ಹೆಂಡ್ರಿಕ್ ವಾನ್ ರೀಡ್ 1670ರ ದಶಕದಲ್ಲಿ ಕೊಚ್ಚಿಯ ಡಚ್ ಮುಖ್ಯಾಧಿಕಾರಿಯಾಗಿದ್ದ. ಮಲಬಾರಿನ ಗಿಡಮೂಲಿಕೆಗಳನ್ನು ಕುರಿತ ‘ಹೊರ್ತುಸ್ ಮಲಬಾರಿಕುಸ್’ ಎಂಬ ಹನ್ನೆರಡು ಸಂಪುಟಗಳ ಮಹಾಗ್ರಂಥ ಅವನ ನೇತೃತ್ವದಲ್ಲಿ ಸಿದ್ಧವಾಗಿ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರೂ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರೂ ಅದಕ್ಕೆ ನೆರವಾದರು. ಅವರ ಹೆಸರುಗಳು ಗ್ರಂಥದಲ್ಲಿಯೇ ಗೌರವದಿಂದ ದಾಖಲಾಗಿವೆ. ಅದೇ ವಾನ್ ರೀಡ್ 1685ರಲ್ಲಿ ಕಂಪನಿಯ ತನಿಖಾಧಿಕಾರಿಯಾಗಿ ಕೇಪಿಗೆ ಹೋಗಿ, ಅಲ್ಲಿನ ಗುಲಾಮರ ವಸತಿಗೃಹವನ್ನು ಪರಿಶೀಲಿಸಿ, ಅಲ್ಲಿನ ಮಕ್ಕಳ ಓದಿನ ಬಗ್ಗೆ, ಯಾರು ಯಾವಾಗ ಬಿಡುಗಡೆ ಪಡೆಯಬಹುದೆಂಬ ಬಗ್ಗೆ ನಿಯಮಗಳನ್ನು ಬರೆದ. ಗಿಡಗಳಿಗೆ ಮಲಯಾಳದ ಹೆಸರನ್ನು ಉಳಿಸಿಕೊಟ್ಟ ಆಡಳಿತ ಮನುಷ್ಯರಿಗೆ ಅವರ ಹೆಸರನ್ನು ಉಳಿಸಲಿಲ್ಲ. 1691ರಲ್ಲಿ ಕೊಚ್ಚಿಯಿಂದ ಸೂರತ್ತಿಗೆ ಹೋಗುವಾಗ ಅವನು ಹಡಗಿನಲ್ಲಿಯೇ ತೀರಿಕೊಂಡ. ಅವನು ಪರಿಶೀಲಿಸಿದ ವಸತಿಗೃಹದ ಕಟ್ಟಡ ಕೇಪ್‌ಟೌನಿನ ನಡುವೆ ವಸ್ತುಸಂಗ್ರಹಾಲಯವಾಗಿ ಇಂದಿಗೂ ನಿಂತಿದೆ.

ಗಾಳಿಯನ್ನು ನೋಡುವ ವಿದ್ಯೆಯಲ್ಲಿ ತಿರುವನಂತಪುರದವರು ಕೊಚ್ಚಿಯವರಿಗಿಂತ ಒಂದು ಕೈ ಮೇಲು ಎಂಬುದು ಅಲ್ಲಿನ ನಮ್ಮ ಗೆಳೆಯರ ವಾದ, ಅದರಲ್ಲಿ ಹುರುಳಿದೆ. ಸ್ವಾತಿ ತಿರುನಾಳ್ ಮಹಾರಾಜರು 1837ರಲ್ಲಿ ಅಲ್ಲಿ ವೀಕ್ಷಣಾಲಯವನ್ನು ಸ್ಥಾಪಿಸಿದರು. ಮುಂದೆ ಅದರ ಮುಖ್ಯಸ್ಥನಾಗಿ ಬಂದ ಜಾನ್ ಆ್ಯಲನ್ ಬ್ರೌನ್ 1855ರಲ್ಲಿ ಸುಮಾರು ಆರು ಸಾವಿರ ಅಡಿ ಎತ್ತರದ ಅಗಸ್ತ್ಯಮಲೆಯ ತುದಿಯಲ್ಲಿ ಇನ್ನೊಂದು ವೀಕ್ಷಣಾಲಯ ಕಟ್ಟಿಸಿದ. ಕಾಡಿನ ದಾರಿಯಲ್ಲಿ ಉಪಕರಣಗಳನ್ನು ಆಳುಗಳು ಹೊತ್ತು ಏರಿಸಬೇಕಾಯಿತು. ನೂರು ವರ್ಷಗಳ ಬಳಿಕ ಅದೇ ಊರಿನ ಪಕ್ಕದ ತುಂಬ ಎಂಬ ಮೀನುಗಾರರ ಹಳ್ಳಿಯಿಂದ 1963ರ ನವೆಂಬರ್ 21ರ ಸಂಜೆ ಭಾರತದ ನೆಲದ ಮೊದಲ ಶೋಧಕ ರಾಕೆಟ್ ಮೇಲೇರಿತು. ಅದರ ಕೆಲಸವೂ ಗಾಳಿಯನ್ನು ನೋಡುವುದೇ: ನೂರಾರು ಕಿಲೋಮೀಟರ್ ಎತ್ತರದಲ್ಲಿ ಸೋಡಿಯಂ ಆವಿಯನ್ನು ಚೆಲ್ಲಿ, ಮುಳುಗಿದ ಸೂರ್ಯನ ಬೆಳಕಿನಲ್ಲಿ ಕಿತ್ತಳೆ ಬಣ್ಣದಿಂದ ಹೊಳೆಯುವ ಆ ಮೋಡ ಯಾವ ಕಡೆ ಎಳೆದುಹೋಗುತ್ತದೆಂದು ಚಿತ್ರ ತೆಗೆದು ಮೇಲ್ವಾಯುಮಂಡಲದ ಗಾಳಿಯನ್ನು ಅಳೆಯುವುದು. ಊರಿಗೆ ಊರೇ ಹೊರಗೆ ನಿಂತು ಅದನ್ನು ಕಂಡಿತು. ಕೇರಳದ ನೌಕಾಧಿಕಾರಿ ಅಭಿಲಾಷ್ ಟೋಮಿ 2018ರಲ್ಲಿ ಒಬ್ಬರೇ ಭೂಪ್ರದಕ್ಷಿಣೆಯ ಹಾಯಿದೋಣಿ ಪಂದ್ಯದಲ್ಲಿದ್ದಾಗ ನಾವು ನೋಡುತ್ತಿದ್ದದ್ದು ನಕ್ಷೆಯ ಮೇಲಿನ ಒಂದು ಚುಕ್ಕೆಯನ್ನು. ಕೇಪನ್ನು ದಾಟಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿಗೆ ಕೂವೆಮರ ಮುರಿದು, ಬೆನ್ನಿಗೆ ಪೆಟ್ಟಾಗಿ ಅವರು ಮಲಗಿದ ಆ ಮೂರು ದಿನ ಚುಕ್ಕೆ ಸುಮ್ಮನೆ ತೇಲುತ್ತಿತ್ತು. ಫ್ರೆಂಚ್ ಹಡಗೊಂದು ಅವರನ್ನು ಎತ್ತಿಕೊಂಡ ಸುದ್ದಿ ಬಂದಾಗ ತಿರುವನಂತಪುರದಿಂದ ಮೊದಲು ಫೋನು ಬಂದಿತ್ತು. 2023ರಲ್ಲಿ ಅವರು ಅದೇ ಪಂದ್ಯವನ್ನು ಎರಡನೆಯ ಸ್ಥಾನದಲ್ಲಿ ಮುಗಿಸಿದರು.

ಅಗಸ್ತ್ಯಮಲೆಯ ವೀಕ್ಷಣಾಲಯದ ವರ್ಷಕ್ಕೆ ಮತ್ತೊಮ್ಮೆ ಬರೋಣ. 1855ರಲ್ಲಿಯೇ ತಿರುವಿದಾಂಕೂರಿನ ಮಹಾರಾಜರು ತಮ್ಮ ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸುವ ಘೋಷಣೆ ಹೊರಡಿಸಿದರು. ಕೊಚ್ಚಿ ಸಂಸ್ಥಾನ ಒಂದು ವರ್ಷ ಮೊದಲು, 1854ರಲ್ಲಿ, ಹಾಗೆ ಮಾಡಿತ್ತು. ಕೇಪಿನಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಂಡದ್ದು 1834ರ ಡಿಸೆಂಬರ್ 1ರಂದು; ‘ತರಬೇತಿ’ಯ ಹೆಸರಿನಲ್ಲಿ ಇನ್ನೂ ನಾಲ್ಕು ವರ್ಷ ಹಳೆಯ ಯಜಮಾನರ ಬಳಿಯೇ ದುಡಿಸಿಕೊಂಡು 1838ರಲ್ಲಿ ಬಿಟ್ಟರು. ಹೀಗೆ, ಇಲ್ಲಿಂದ ಸರಪಳಿ ಹಾಕಿ ಒಯ್ದವರ ಮೊಮ್ಮಕ್ಕಳು ಅಲ್ಲಿ ಸ್ವತಂತ್ರರಾದ ಮೇಲೆಯೂ, ಇಲ್ಲಿಯೇ ಉಳಿದವರ ಮೊಮ್ಮಕ್ಕಳು ಗದ್ದೆಗಳೊಡನೆ ಕೈಬದಲಾಗುತ್ತಿದ್ದರು. ಡಿಸೆಂಬರ್ 1 ಇಂದು ಕೇಪ್‌ಟೌನಿನಲ್ಲಿ ಆ ಬಿಡುಗಡೆಯ ನೆನಪಿನ ದಿನ.

ಬ್ಲೌಬರ್ಗಿನ ತೀರದಲ್ಲಿ ಗಾಳಿಗಾಗಿ ಕಾಯುವ ವಾರಗಳು ಈಚಿನ ವರ್ಷಗಳಲ್ಲಿ ಬಹುತೇಕ ಅದರ ಆಸುಪಾಸಿನಲ್ಲಿಯೇ ಬಂದಿವೆ. ಹಿಂದೆ ಕೊಚ್ಚಿಯ ರೇವಿನಿಂದ ಈಶಾನ್ಯದ ಗಾಳಿಗೆ ಹಾಯಿ ಬಿಚ್ಚಿ ತೆಂಕಣಕ್ಕೆ ಹಡಗುಗಳು ಹೊರಡುತ್ತಿದ್ದದ್ದೂ ಅದೇ ಋತುವಿನಲ್ಲಿ. ಪಂದ್ಯದ ವಿವರಣೆಗಾರರು ಬೆಟ್ಟದ ಕಡೆ ಕ್ಯಾಮೆರಾ ತಿರುಗಿಸಿ, ಮೋಡದ ಹೊದಿಕೆ ಇಳಿಯುತ್ತಿದೆ, ಇನ್ನು ಹೆಚ್ಚು ಹೊತ್ತಿಲ್ಲ ಎನ್ನುತ್ತಾರೆ. ತಿರುವನಂತಪುರದವರಿಗೆ ಅದು ಅರ್ಧ ನಿಮಿಷ ಮೊದಲು ಕೇಳಿಸುತ್ತದೆ.